ಪಾದದ ಕಟ್ಟುಗಳು: ಭೇದವೂ ಬೇನೆಯೂ

ಐದು ಬೆರಳೂ ಒಂದೇ ಸಮನಾಗಿರುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇರುವ ಮಾತು. ಮನೆಯಲ್ಲಿ ಒಬ್ಬ ಮಗ ಓದಿನಲ್ಲಿ ಮುಂದು, ಇನ್ನೊಬ್ಬ ಆಟದಲ್ಲಿ ಮುಂದು ಎಂದಾಗ ಹಿರಿಯರು ಈ ಮಾತನ್ನಾಡಿ ಸಮಾಧಾನ ಹೇಳುವುದುಂಟು. ಮನುಷ್ಯರ ಗುಣಕ್ಕೆ ಈ ನ್ಯಾಯವನ್ನು ಸುಲಭವಾಗಿ ಒಪ್ಪುವ ನಾವು ಮೈಯ ಒಳಗಿನ ಕಟ್ಟಡಕ್ಕೆ ಮಾತ್ರ ಒಪ್ಪುವುದಿಲ್ಲ. ಚರ್ಮದ ಹೊರಗೆ ಮೂಗು ನೀಳವಾಗಿರಬಹುದು, ಮೊಂಡಾಗಿರಬಹುದು. ಕಿವಿ ಅಗಲವಾಗಿರಬಹುದು, ಕಿರಿದಾಗಿರಬಹುದು. ಚರ್ಮದ ಒಳಗೆ ಮಾತ್ರ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದೆ ಎಂದೇ ನಮ್ಮ ನಂಬಿಕೆ. ಶಾಲೆಯ ಗೋಡೆಗೆ ತೂಗುಹಾಕಿದ ಶರೀರರಚನೆಯ ಪಟ ಈ ನಂಬಿಕೆಯನ್ನು ಬಲಪಡಿಸಿದೆ. ಆದರೆ ಆ ಪಟದಲ್ಲಿ ನಿಂತಿರುವಾತ ಯಾವ ಊರಿನವನೂ ಅಲ್ಲ. ಅನೇಕ ದೇಹಗಳನ್ನು ನೋಡಿ, ಹೆಚ್ಚು ಮಂದಿಯಲ್ಲಿ ಹೇಗಿದೆಯೋ ಹಾಗೆ ಬರೆದ ಕಲ್ಪಿತ ಮನುಷ್ಯ ಅವನು.

ಇದನ್ನು ಪರೀಕ್ಷಿಸಲು ಎಲ್ಲಿಗೂ ಹೋಗಬೇಕಾಗಿಲ್ಲ. ಕುಳಿತಲ್ಲಿಯೇ ಅಂಗೈಯನ್ನು ಮೇಲೆ ಮಾಡಿ ಹಿಡಿಯಿರಿ. ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಮುಟ್ಟಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ಹೆಚ್ಚಿನವರಲ್ಲಿ ಮಣಿಕಟ್ಟಿನ ನಟ್ಟನಡುವೆ ಒಂದು ಹುರಿ ಎದ್ದು ಕಾಣುತ್ತದೆ. ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ತುದಿ. ಮನೆಯವರೆಲ್ಲರೂ ಕೈ ಚಾಚಿದರೆ, ಒಬ್ಬಿಬ್ಬರಲ್ಲಿ ಅದು ಕಾಣದೆ ಹೋಗುವ ಸಂಭವವುಂಟು. ಕೆಲವರಿಗೆ ಎರಡು ಕೈಯಲ್ಲಿಯೂ ಇರುವುದಿಲ್ಲ. ಕೆಲವರಿಗೆ ಒಂದರಲ್ಲಿದ್ದು ಇನ್ನೊಂದರಲ್ಲಿ ಇರುವುದಿಲ್ಲ. ನೂರಕ್ಕೆ ಸುಮಾರು 15 ಮಂದಿಯಲ್ಲಿ ಇಲ್ಲವೆಂದು ವೈದ್ಯ ಪಠ್ಯಗಳು ಹೇಳುತ್ತವೆ. ಜನಾಂಗದಿಂದ ಜನಾಂಗಕ್ಕೆ ಈ ಲೆಕ್ಕ ಬದಲಾಗುತ್ತದೆ. ಅದಿಲ್ಲದವರು ಕೊಡ ಎತ್ತುವುದರಲ್ಲಾಗಲಿ ವೀಣೆ ನುಡಿಸುವುದರಲ್ಲಾಗಲಿ ಯಾರಿಗೂ ಕಡಿಮೆಯಲ್ಲ. ಶಸ್ತ್ರವೈದ್ಯರಂತೂ ಬೇರೆಡೆ ಹುರಿ ಬೇಕಾದಾಗ ಇದನ್ನೇ ತೆಗೆದು ಅಲ್ಲಿಗೆ ಜೋಡಿಸುತ್ತಾರೆ. ಇಂಥ ವ್ಯತ್ಯಾಸ ರೋಗವಲ್ಲ, ಊನವೂ ಅಲ್ಲ, ಬರಿಯ ಭೇದ.

ಕೈಯಲ್ಲಿ ಕಂಡ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಪಾದಕ್ಕೆ ಬರೋಣ. ಒಂದೊಂದು ಪಾದದಲ್ಲಿಯೂ 26 ಮೂಳೆಗಳು, 33 ಕೀಲುಗಳು. ಇಷ್ಟು ತುಂಡುಗಳನ್ನು ಚದುರದಂತೆ ಹಿಡಿದಿರುವುದು ನೂರಕ್ಕೂ ಮಿಕ್ಕ ಕಟ್ಟುಗಳು ಮತ್ತು ಹುರಿಗಳು. ಇವುಗಳಲ್ಲಿ ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಗೆ ಕಂಡರವೆಂದು ಹೆಸರು. ಮೂಳೆಯನ್ನು ಮೂಳೆಗೆ ಬಿಗಿಯುವ ಪಟ್ಟಿಗೆ ಅಸ್ಥಿರಜ್ಜು ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಅದನ್ನೇ ಲಿಗಮೆಂಟ್ ಎನ್ನುವುದನ್ನು ನೀವು ಕೇಳಿರಬಹುದು. ನಾನು ಸುಲಭಕ್ಕಾಗಿ ಕಟ್ಟು ಎಂದೇ ಕರೆಯುತ್ತೇನೆ. ಕೊಲಾಜೆನ್ ಎಂಬ ಗಟ್ಟಿಯಾದ ನಾರುಗಳನ್ನು ಒತ್ತೊತ್ತಾಗಿ ಜೋಡಿಸಿದ ಪಟ್ಟಿ ಅದು. ನಾವು ಮೆಟ್ಟಿಲಿಳಿಯುವಾಗ, ಕಲ್ಲಿನ ದಾರಿಯಲ್ಲಿ ನಡೆಯುವಾಗ, ಓಡುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಮೂಳೆಗಳು ಜಾರದಂತೆ ಕಾಯುವ ಕೆಲಸ ಇದರದು.

ಈ ಕಟ್ಟುಗಳನ್ನು ಬದುಕಿರುವ ಮನುಷ್ಯನಲ್ಲಿ ಕಣ್ಣಾರೆ ನೋಡುವುದು ಬಹುಕಾಲ ಸಾಧ್ಯವಿರಲಿಲ್ಲ. 1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಗೆನ್ ಕ್ಷ-ಕಿರಣವನ್ನು ಕಂಡುಹಿಡಿದರು. ಅದೇ ಡಿಸೆಂಬರಿನಲ್ಲಿ ತೆಗೆದ ಅವರ ಪತ್ನಿಯ ಕೈಯ ಚಿತ್ರದಲ್ಲಿ ಮೂಳೆಗಳೂ ಬೆರಳಿನ ಉಂಗುರವೂ ಕಂಡು ಲೋಕವೇ ಬೆರಗಾಯಿತು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅಮೆರಿಕ, ಇಂಗ್ಲೆಂಡುಗಳ ಜೋಡಿನ ಅಂಗಡಿಗಳಲ್ಲಿ ಒಂದು ಕ್ಷ-ಕಿರಣದ ಪೆಟ್ಟಿಗೆಯನ್ನೇ ಇಟ್ಟಿದ್ದರು. ಮಕ್ಕಳು ಹೊಸ ಜೋಡು ಹಾಕಿಕೊಂಡು ಅದರಲ್ಲಿ ಕಾಲಿಟ್ಟು, ತಮ್ಮ ಬೆರಳ ಮೂಳೆಗಳು ಅಲ್ಲಾಡುವುದನ್ನು ನೋಡಿ ನಲಿಯುತ್ತಿದ್ದರು. ಕಿರಣದಿಂದ ಆಗುವ ಅಪಾಯ ತಿಳಿದ ಮೇಲೆ ಆ ಆಟ ನಿಂತಿತು. ಆದರೆ ಆ ಪೆಟ್ಟಿಗೆಯಲ್ಲಾಗಲಿ ಆಸ್ಪತ್ರೆಯ ಎಕ್ಸ್-ರೇಯಲ್ಲಾಗಲಿ ಕಂಡದ್ದು ಮೂಳೆ ಮಾತ್ರ. ಮೂಳೆಯನ್ನು ಕಟ್ಟಿದ ಪಟ್ಟಿ ಕಾಣಲಿಲ್ಲ. ಮೂಳೆಗಳ ನಡುವಿನ ಅಂತರವನ್ನು ಅಳೆದು, ಕಟ್ಟು ಹರಿದಿರಬಹುದೆಂದು ಊಹಿಸಬೇಕಾಗಿತ್ತು.

ಈ ಕೊರತೆಯನ್ನು ನೀಗಿದ್ದು ಎಂ.ಆರ್.ಐ. ಎಂಬ ಕಾಂತೀಯ ಚಿತ್ರಣ. 1973ರಲ್ಲಿ ಅಮೆರಿಕದ ಲಾಟರ್ಬರ್ ಅದರ ತತ್ವವನ್ನು ಪ್ರಕಟಿಸಿದರು. 1977ರಲ್ಲಿ ಮನುಷ್ಯದೇಹದ ಚಿತ್ರ ಮೂಡಿತು. 2003ರಲ್ಲಿ ಲಾಟರ್ಬರ್ ಅವರಿಗೂ ಇಂಗ್ಲೆಂಡಿನ ಮ್ಯಾನ್ಸ್‌ಫೀಲ್ಡ್ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಇದರಲ್ಲಿ ಕ್ಷ-ಕಿರಣವಿಲ್ಲ. ಬಲವಾದ ಅಯಸ್ಕಾಂತದೊಳಗೆ ಮಲಗಿಸಿ, ರೇಡಿಯೋ ಅಲೆಗಳನ್ನು ಕಳುಹಿಸಿದರೆ, ಮೈಯ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಕಣಗಳು ಮರುದನಿ ಕೊಡುತ್ತವೆ. ರೇಡಿಯೋ ಕೇಳುವ ನಮಗೆ ಈ ಮಾತು ಹೊಸದಾಗಿ ತೋರಬೇಕಾಗಿಲ್ಲ. ಇಲ್ಲಿ ನಿಲಯವೂ ಪೆಟ್ಟಿಗೆಯೂ ನಮ್ಮ ಮೈಯೇ ಆಗಿಬಿಡುತ್ತದೆ, ಅಷ್ಟೆ. ಕಟ್ಟಿನ ನಾರಿಗೆ ನೀರು ಬಿಗಿಯಾಗಿ ಅಂಟಿರುವುದರಿಂದ ಅದರ ಮರುದನಿ ಬಹುಬೇಗ ಅಡಗಿಹೋಗುತ್ತದೆ. ಆದಕಾರಣ ಆರೋಗ್ಯವಾದ ಕಟ್ಟು ಚಿತ್ರದಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ. ಗಾಯವಾಗಿ ಅಲ್ಲಿ ನೀರು ಸೇರಿದರೆ, ಕಪ್ಪಿನ ನಡುವೆ ಬೆಳಕು ಮೂಡುತ್ತದೆ.

ಕಪ್ಪಾದರೆ ಕ್ಷೇಮ, ಬೆಳಕಾದರೆ ಗಾಯ. ವಿಷಯ ಇಷ್ಟೇ ಆಗಿದ್ದರೆ ಈ ಭಾಷಣದ ಅಗತ್ಯವೇ ಇರುತ್ತಿರಲಿಲ್ಲ. ಕಟ್ಟುಗಳು ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅದಕ್ಕೆ ನಾಲ್ಕು ನಿದರ್ಶನಗಳನ್ನು ಹೇಳುತ್ತೇನೆ.

ಮೊದಲನೆಯದು, ಕಾಲು ಒಳಕ್ಕೆ ಹೊರಳಿ ಉಳುಕಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿನ್ನುವ ಕಟ್ಟು. ಕಾಲಹರಡಿನ ಹೊರಮಗ್ಗುಲಲ್ಲಿ ಕೈಗೆ ಸಿಗುವ ಗಿಣ್ಣು ಫಿಬುಲಾ ಎಂಬ ಮೂಳೆಯ ಕೆಳತುದಿ. ಅದರ ಮುಂಭಾಗದಿಂದ ಹೊರಟು, ಒಳಗಿರುವ ಟೇಲಸ್ ಎಂಬ ಮೂಳೆಗೆ ಸೇರುವ ಪಟ್ಟಿ ಇದು. ಕೆಲವರಲ್ಲಿ ಇದು ಒಂದೇ ಪಟ್ಟಿ, ಅನೇಕರಲ್ಲಿ ಎರಡು ಎಳೆ, ಅಪರೂಪಕ್ಕೆ ಮೂರು. ಎರಡು ಎಳೆಗಳಿರುವಲ್ಲಿ ನಡುವಿನ ಸಂದಿನಲ್ಲಿ ಸಣ್ಣ ರಕ್ತನಾಳಗಳು ಹಾದುಹೋಗುತ್ತವೆ. ಶರಾವತಿ ಜೋಗದಲ್ಲಿ ನಾಲ್ಕು ಕವಲಾಗಿ ಧುಮುಕುತ್ತದೆ. ನದಿ ಒಡೆದುಹೋಯಿತೆಂದು ಯಾರೂ ಮರುಗುವುದಿಲ್ಲ. ಈ ಕಟ್ಟು ಎರಡಾಗಿ ಕಂಡರೂ ಹಾಗೆಯೇ.

ಎರಡನೆಯದು, ಅದೇ ಗಿಣ್ಣಿನ ಹಿಂಭಾಗದಿಂದ ಟೇಲಸಿಗೆ ಹೋಗುವ ದಪ್ಪನೆಯ ಕಟ್ಟು. ಇದು ಬೀಸಣಿಗೆಯಂತೆ ಹರಡಿಕೊಂಡಿದ್ದು, ನಾರಿನ ಎಳೆಗಳ ನಡುವೆ ಕೊಬ್ಬು ತುಂಬಿರುತ್ತದೆ. ಚಿತ್ರದಲ್ಲಿ ನಾರು ಕಪ್ಪು, ಕೊಬ್ಬು ಬಿಳುಪು. ಅಂಚು ಬಿಚ್ಚಿದ ಬಟ್ಟೆಯ ಹಾಗೆ ಗೆರೆಗೆರೆಯಾಗಿ ಕಾಣುತ್ತದೆ. ಅರಿಯದವರು ಹರಿದಿದೆ ಎಂದು ತಿಳಿಯಬಹುದು. ವಾಸ್ತವವಾಗಿ ಅದು ಹೊರಗಡೆಯ ಮೂರು ಕಟ್ಟುಗಳಲ್ಲಿ ಅತ್ಯಂತ ಬಲವಾದದ್ದು. ಉಳಿದವು ನೆಟ್ಟಗಿದ್ದು ಇದೊಂದೇ ಹರಿಯುವುದು ಅಪರೂಪ. ಹರಡಿನ ಒಳಮಗ್ಗುಲಿನ ಡೆಲ್ಟಾಯ್ಡ್ ಎಂಬ ಕಟ್ಟಿನ ಆಳದ ಭಾಗವೂ ಇದೇ ರೀತಿ ಗೆರೆಗೆರೆಯಾಗಿರುತ್ತದೆ. ಅದರ ಮೇಲ್ಪದರದ ಕೆಲವು ಕವಲುಗಳಂತೂ ಯಾವ ನೋವೂ ಇಲ್ಲದವರ ಚಿತ್ರಗಳಲ್ಲಿ ಕೂಡ ಎಲ್ಲರಲ್ಲಿಯೂ ಕಾಣುವುದಿಲ್ಲ.

ಮೂರನೆಯದು, ಮೊಣಕಾಲ ಕೆಳಗಿನ ಎರಡು ಮೂಳೆಗಳನ್ನು ಹರಡಿನ ಮೇಲ್ಗಡೆ ಮುಂಭಾಗದಲ್ಲಿ ಬಿಗಿಯುವ ಕಟ್ಟು. ಅದರ ಕೆಳಗೆ, ಅದಕ್ಕೆ ಸಮಾನಾಂತರವಾಗಿ, ಇನ್ನೊಂದು ಸಣ್ಣ ಎಳೆ ಬಹುಮಂದಿಯಲ್ಲಿ ಉಂಟು. ಇದಕ್ಕೆ ಬ್ಯಾಸೆಟ್ ಕಟ್ಟು ಎಂದು ಹೆಸರು. ಈ ಎಳೆ ದಪ್ಪವಾಗಿ ಟೇಲಸಿನ ಅಂಚಿಗೆ ಉಜ್ಜಿದರೆ ಹರಡಿನ ಮುಂಭಾಗ ನೋಯಬಹುದೆಂದು 1990ರಲ್ಲಿ ವೈದ್ಯರು ವರದಿ ಮಾಡಿದರು. ಎಂದರೆ ಆ ಎಳೆ ಇರುವುದು ರೋಗವಲ್ಲ. ಇರುವ ಎಳೆಯೇ ಯಾರೋ ಕೆಲವರಲ್ಲಿ ತೊಂದರೆ ಕೊಡಬಹುದು. ಯಾರಲ್ಲಿ ಎಂಬುದನ್ನು ಚಿತ್ರ ಒಂದೇ ಹೇಳಲಾರದು. ನೋವು ಎಲ್ಲಿ, ಯಾವಾಗ, ಯಾವ ಚಲನೆಯಲ್ಲಿ ಎಂದು ಕೇಳಿ, ಕೈಯಿಂದ ಒತ್ತಿ ನೋಡಿದ ವೈದ್ಯನೇ ಹೇಳಬೇಕು.

ನಾಲ್ಕನೆಯದು, ಪಾದದ ನಡುಭಾಗದ್ದು. ನೆಪೋಲಿಯನ್ನನ ಕಾಲದ ಫ್ರೆಂಚ್ ಶಸ್ತ್ರವೈದ್ಯ ಜಾಕ್ ಲಿಸ್‌ಫ್ರಾಂಕ್ ಅವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಕಾಲ್ಬೆರಳುಗಳ ಹಿಂದೆ ಅಂಗಾಲಿನುದ್ದಕ್ಕೂ ಐದು ನೀಳವಾದ ಮೂಳೆಗಳುಂಟಷ್ಟೆ? ಎರಡನೆಯ ಮೂಳೆಯಿಂದ ಐದನೆಯದರವರೆಗೆ ಬುಡದಲ್ಲಿ ಒಂದಕ್ಕೊಂದು ಕಟ್ಟು ಇದೆ. ಆದರೆ ಹೆಬ್ಬೆರಳಿನ ಮೂಳೆಗೂ ಅದರ ಪಕ್ಕದ ಎರಡನೆಯದಕ್ಕೂ ಬುಡದಲ್ಲಿ ಅಂಥ ಕಟ್ಟಿಲ್ಲ. ಅದರ ಬದಲಾಗಿ, ಎರಡನೆಯ ಮೂಳೆಯನ್ನು ಹಿಂದಿನ ಬೆಣೆಯಾಕಾರದ ಮೂಳೆಗೆ ಓರೆಯಾಗಿ ಬಿಗಿಯುವುದು ಈ ಲಿಸ್‌ಫ್ರಾಂಕ್ ಕಟ್ಟು. ಕೆಲವರಲ್ಲಿ ಇದು ಒಂದೇ ದಪ್ಪ ಪಟ್ಟಿ, ಕೆಲವರಲ್ಲಿ ಎರಡು ಎಳೆ. ಇದರಲ್ಲಿಯೂ ಗೆರೆಗಳಿರುವುದು ಸಹಜ.

ಭೇದದ ಮೇಲೆ ಭ್ರಮೆಯೂ ಒಂದುಂಟು. ಕಟ್ಟಾಗಲಿ ಕಂಡರವಾಗಲಿ ಯಂತ್ರದ ಮುಖ್ಯ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಕೋನದಲ್ಲಿ ಬಿದ್ದರೆ, ಆರೋಗ್ಯವಾಗಿದ್ದರೂ ಕೆಲವು ಬಗೆಯ ಚಿತ್ರಗಳಲ್ಲಿ ಬೆಳಗಿಬಿಡುತ್ತದೆ. ಇದಕ್ಕೆ ಮಾಯಾಕೋನವೆಂದೇ ಹೆಸರು. ಹರಡನ್ನು ಬಳಸಿ ತಿರುಗುವ ಹುರಿಗಳು ಎಲ್ಲಿಯೋ ಒಂದು ಕಡೆ ಈ ಕೋನವನ್ನು ಹಾದುಹೋಗಲೇಬೇಕು. ಅನುಭವವುಳ್ಳ ಚಿತ್ರವೈದ್ಯರು ಇದನ್ನು ಬಲ್ಲರು. ಅದೇ ಜಾಗವನ್ನು ಬೇರೆ ಬಗೆಯ ಚಿತ್ರದಲ್ಲಿ ನೋಡಿ, ಅಲ್ಲಿ ಬೆಳಕು ಮಾಯವಾದರೆ, ಅದು ಗಾಯವಲ್ಲ, ಕೋನದ ಮಾಯೆ ಎಂದು ತೀರ್ಮಾನಿಸುತ್ತಾರೆ.

ಇದೆಲ್ಲ ವೈದ್ಯರ ಪಾಡು, ನಮಗೇಕೆ ಎಂದು ನೀವು ಕೇಳಬಹುದು. ಈಗ ವರದಿ ವೈದ್ಯರ ಮೇಜಿಗೆ ಹೋಗುವ ಮೊದಲೇ ಮನೆಯವರ ಮೊಬೈಲಿಗೆ ಬರುವುದರಿಂದ ನಮಗೂ ಇದು ಬೇಕು. ಹದಿನಾರು ವರ್ಷದ ಒಬ್ಬ ಹುಡುಗಿ ಭರತನಾಟ್ಯ ಕಲಿಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಕಾಲು ಉಳುಕಿ ಕೆಲವು ವಾರಗಳಾಗಿವೆ. ಊತ ಇಳಿದಿದೆ, ನೋವು ಸ್ವಲ್ಪ ಉಳಿದಿದೆ. ಚಿತ್ರ ತೆಗೆಸಿದರು. ಮುಂದಿನ ಕಟ್ಟು ಎರಡು ಎಳೆಯಾಗಿದೆ, ಹಿಂದಿನ ಕಟ್ಟು ಗೆರೆಗೆರೆಯಾಗಿದೆ ಎಂದು ವರದಿಯಲ್ಲಿ ಬರೆದಿದೆ. ಬರೆದವರು ಕಂಡದ್ದನ್ನು ಕಂಡಂತೆ ಬರೆದಿದ್ದಾರೆ. ಅದು ಅವರ ಕರ್ತವ್ಯ. ಮನೆಯಲ್ಲಿ ಅದನ್ನು ಓದಿದ ತಂದೆ ‘ಎರಡು’ ಎಂಬ ಮಾತನ್ನು ‘ಎರಡಾಗಿ ಹರಿದಿದೆ’ ಎಂದು ಗ್ರಹಿಸುತ್ತಾರೆ. ಸಂಜೆಯ ಹೊತ್ತಿಗೆ ಸುದ್ದಿ ಬಂಧುಗಳಿಗೆಲ್ಲ ಮುಟ್ಟುತ್ತದೆ. ಇನ್ನು ಕುಣಿತ ಸಾಕು ಎಂದು ಒಬ್ಬರು, ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ ಎಂದು ಇನ್ನೊಬ್ಬರು. ಹುಡುಗಿ ಕಾಲೂರಲು ಹೆದರುತ್ತಾಳೆ. ಹೆದರಿ ಊರದೆ ಇದ್ದ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಕಾಲು ಮತ್ತೆ ಸುಲಭವಾಗಿ ಉಳುಕುತ್ತದೆ. ಹುಟ್ಟಿನಿಂದ ಇದ್ದ ನಿರಪರಾಧಿ ಎಳೆಯೊಂದು ಹೀಗೆ ಒಂದು ವರದಿಯ ಮೂಲಕ ನಿಜವಾದ ಊನಕ್ಕೆ ದಾರಿಯಾಗುತ್ತದೆ. ಕಟ್ಟು ನಿಜವಾಗಿ ಹರಿದಿದ್ದರೂ ಸಾಮಾನ್ಯವಾದ ಉಳುಕುಗಳಲ್ಲಿ ಬಹುಪಾಲು ಶಸ್ತ್ರವಿಲ್ಲದೆ, ಕ್ರಮವಾದ ವ್ಯಾಯಾಮದಿಂದಲೂ ಒಂಟಿಕಾಲಿನಲ್ಲಿ ನಿಂತು ಸಮತೋಲ ಕಲಿಯುವ ಅಭ್ಯಾಸದಿಂದಲೂ ಗುಣವಾಗುತ್ತವೆ ಎಂಬುದನ್ನು ಆ ಗದ್ದಲದಲ್ಲಿ ಯಾರೂ ನೆನೆಯುವುದಿಲ್ಲ.

ಹಾಗೆಂದು ಚಿತ್ರದಲ್ಲಿ ಕಂಡದ್ದೆಲ್ಲ ಬರಿಯ ಭೇದ, ಯಾವುದಕ್ಕೂ ಹೆದರಬೇಕಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಆ ಮಾತು ಇನ್ನೂ ಅಪಾಯಕರ. ಈಗ ತಾನೆ ಹೇಳಿದ ಲಿಸ್‌ಫ್ರಾಂಕ್ ಕಟ್ಟನ್ನೇ ನೋಡಿ. ಅದು ನಿಜವಾಗಿ ಹರಿದರೆ ಪಾದದ ಕಮಾನೇ ಕುಸಿಯಬಹುದು. ಮೊದಲ ಎಕ್ಸ್-ರೇಯಲ್ಲಿ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವುದರಲ್ಲಿ ಈ ಗಾಯ ಹೆಸರಾದದ್ದು. ಪಾದದ ನಡುಭಾಗ ಊದಿ, ಅಂಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿದ್ದರೆ, ಬೆರಳ ತುದಿಯ ಮೇಲೆ ನಿಲ್ಲಲು ಆಗದಿದ್ದರೆ, ಉಳುಕೆಂದು ಎಣ್ಣೆ ತಿಕ್ಕಿ ಕೂರಬಾರದು. ಇಂಥಲ್ಲಿ ವೈದ್ಯರು, ರೋಗಿಗೆ ಸಾಧ್ಯವಾದರೆ, ಎರಡೂ ಕಾಲಿನ ಮೇಲೆ ಭಾರ ಹಾಕಿ ನಿಲ್ಲಿಸಿ ಚಿತ್ರ ತೆಗೆದು, ಒಂದನ್ನು ಇನ್ನೊಂದಕ್ಕೆ ಹೋಲಿಸುತ್ತಾರೆ. ಮಲಗಿದಾಗ ಮುಚ್ಚಿಕೊಂಡಿದ್ದ ಬಿರುಕು ನಿಂತಾಗ ತೆರೆಯುತ್ತದೆ.

ಕಾಲು ಉಳುಕಿದಾಗ ಮೂಳೆ ಮುರಿದಿರಬಹುದೇ ಎಂದು ತಿಳಿಯಲು 1992ರಲ್ಲಿ ಕೆನಡಾದ ಆಟವಾ ನಗರದ ವೈದ್ಯರು ಕೆಲವು ಸರಳ ಸೂತ್ರಗಳನ್ನು ಪ್ರಕಟಿಸಿದರು. ಪೆಟ್ಟು ಬಿದ್ದ ಕೂಡಲೂ ವೈದ್ಯರ ಎದುರಿಗೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಎರಡು ಗಿಣ್ಣುಗಳ ಹಿಂಭಾಗದ ಅಂಚಿನಲ್ಲಿ ಕೊನೆಯ 6 ಸೆಂಟಿಮೀಟರಿನೊಳಗೆ ಮೂಳೆಯನ್ನು ಒತ್ತಿದಾಗ ನೋವಾದರೆ, ಎಕ್ಸ್-ರೇ ಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆ, ಒಳ ಅಂಚಿನ ದೋಣಿಯಾಕಾರದ ಮೂಳೆ, ಇವೆರಡಕ್ಕೂ ಇದೇ ಮಾತು. ಇವು ಯಾವುವೂ ಇಲ್ಲದಿದ್ದಲ್ಲಿ ಮೂಳೆ ಮುರಿದಿರುವ ಸಂಭವ ತೀರ ಕಡಿಮೆ. ಈ ಸೂತ್ರಗಳು ಲೋಕದಲ್ಲೆಲ್ಲ ಬಳಕೆಗೆ ಬಂದಿವೆ. ಯಂತ್ರಕ್ಕಿಂತ ಮೊದಲು ಮಾತು, ಕಣ್ಣು ಮತ್ತು ಕೈ ಎಂಬುದೇ ಇವುಗಳ ಸಾರ.

ಸಕ್ಕರೆ ಕಾಯಿಲೆಯವರಿಗೆ ಒಂದು ಎಚ್ಚರಿಕೆಯನ್ನು ಬೇರೆಯಾಗಿಯೇ ಹೇಳಬೇಕು. ನೋವಿಲ್ಲ, ಆದ್ದರಿಂದ ಇದು ಭೇದವಷ್ಟೇ ಎಂಬ ತರ್ಕ ಅವರಿಗೆ ಸಲ್ಲದು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಜಡವಾದರೆ, ಕಟ್ಟು ಸಡಿಲಿ ಮೂಳೆ ಮುರಿಯುತ್ತಿದ್ದರೂ ನೋವು ತಿಳಿಯದೆ ಹೋಗಬಹುದು. ಅಂಥವರ ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಾಗಿ, ಕೆಂಪಗೆ ಊದಿಕೊಂಡರೆ, ನೋವಿಲ್ಲದಿದ್ದರೂ ಆ ದಿನವೇ ವೈದ್ಯರಿಗೆ ತೋರಿಸಬೇಕು.

ಹಾಗಾದರೆ ವರದಿ ಕೈಗೆ ಬಂದಾಗ ಮಾಡತಕ್ಕದ್ದೇನು? ಚಿತ್ರ ತೆಗೆಸುವಾಗಲೇ ನೋವಿರುವ ಜಾಗವನ್ನು ಬೆರಳಿಟ್ಟು ತೋರಿಸಿ, ಪೆಟ್ಟು ಬಿದ್ದ ದಿನವನ್ನೂ ರೀತಿಯನ್ನೂ ಹೇಳುವುದು ಮೊದಲ ಕೆಲಸ. ಹಳೆಯ ಚಿತ್ರಗಳಿದ್ದರೆ ಎಸೆಯದೆ ಜೊತೆಗೆ ಒಯ್ಯಬೇಕು. ಐದು ವರ್ಷದ ಹಿಂದೆಯೂ ಇದೇ ಎಳೆ ಹೀಗೆಯೇ ಇತ್ತೆಂದು ತಿಳಿದರೆ ಅರ್ಧ ಸಂಶಯ ಅಲ್ಲಿಯೇ ಪರಿಹಾರವಾಗುತ್ತದೆ. ಆಮೇಲೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು: ಚಿತ್ರದಲ್ಲಿ ಕಂಡದ್ದು ನನಗೆ ನೋಯುವ ಜಾಗದಲ್ಲಿಯೇ ಇದೆಯೇ? ಅದರ ಸುತ್ತ ಊತ, ನೀರು ಮುಂತಾದ ಗಾಯದ ಗುರುತುಗಳಿವೆಯೇ? ಇದು ಹುಟ್ಟಿನ ಕಟ್ಟಡವಾಗಿರಬಹುದೇ? ಈ ಚಿತ್ರದಿಂದ ನನ್ನ ಚಿಕಿತ್ಸೆಯಲ್ಲಿ ಬದಲಾಗುವುದೇನು? ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗೆ ಬೇಸರ ಪಡುವುದಿಲ್ಲ. ಇನ್ನೊಂದು ಕಾಲಿನಲ್ಲಿ ಹಾಗಿಲ್ಲವಲ್ಲ ಎಂದು ಮಾತ್ರ ಅಧೀರರಾಗಬೇಡಿ. ಮಣಿಕಟ್ಟಿನ ಹುರಿಯಂತೆ ಭೇದ ಒಂದೇ ಮಗ್ಗುಲಲ್ಲಿರುವುದೂ ಉಂಟು.

ಯಂತ್ರ ನಮ್ಮ ಮೈಯ ಒಳಗನ್ನು ತೆರೆದು ತೋರಿಸಿದೆ. ಅದು ದೊಡ್ಡ ಉಪಕಾರ. ಆದರೆ ಕಂಡದ್ದಕ್ಕೆ ಬೇನೆಯೆಂದು ಹೆಸರಿಡುವ ಅಧಿಕಾರವನ್ನು ಯಂತ್ರಕ್ಕೆ ಯಾರೂ ಕೊಟ್ಟಿಲ್ಲ. ಆ ಹೆಸರನ್ನು ಇಡಬೇಕಾದವರು ರೋಗಿಯ ಮಾತನ್ನು ಕೇಳಿ, ಕಾಲನ್ನು ಮುಟ್ಟಿ, ಚಿತ್ರವನ್ನು ಕೊನೆಗೆ ನೋಡುವ ವೈದ್ಯರು. ಅವರ ಬಳಿ ಹೋಗುವ ಮೊದಲು ಮನೆಯಲ್ಲಿಯೇ ಕುಳಿತು ಮಗಳ ಗೆಜ್ಜೆಯನ್ನು ಬಿಚ್ಚಿಸುವುದೂ ಸರಿಯಲ್ಲ, ಅಂಗಾಲು ಕಪ್ಪಾದ ಮಗನನ್ನು ಆಟಕ್ಕೆ ಕಳುಹಿಸುವುದೂ ಸರಿಯಲ್ಲ.